ಲೆಕ್ಕದ ವೃತ್ತಿಯೂ ಮನಸ್ಸಿನ ಒಲವೂ

ಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದ ತರುವಾಯ ಪ್ರತಿವರ್ಷವೂ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಒಂದೇ ಚರ್ಚೆಯು ನಡೆಯುವುದುಂಟು. ಮಕ್ಕಳು ಮುಂದೆ ಏನನ್ನು ಓದತಕ್ಕದ್ದು, ಯಾವ ವೃತ್ತಿಯನ್ನು ಹಿಡಿಯತಕ್ಕದ್ದು ಎಂಬುದೇ ಆ ಚರ್ಚೆ. ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಹಿರಿಯರು ತೋರಿಸುವ ದಾರಿಯು ಬಹುಮಟ್ಟಿಗೆ ಒಂದೇ ಆಗಿರುವುದು: ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೆ ಕಟ್ಟುವುದು, ಅದು ಕೈಗೂಡದಿದ್ದರೆ ಯಾವುದಾದರೊಂದು ಸಂಸ್ಥೆಯ ಲೆಕ್ಕಪತ್ರಗಳ ಶಾಖೆಯಲ್ಲಿ ಸೇರಿಕೊಳ್ಳುವುದು. ಆದರೆ ಈಚೆಗೆ ತರುಣರ ಕಿವಿಗೆ ಬೇರೊಂದು ಉಪದೇಶವೂ ಬೀಳುತ್ತಿದೆ. ಯಾವುದರಲ್ಲಿ ಉತ್ಕಟವಾದ ಒಲವಿದೆಯೋ ಅದನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕು, ಒಲವಿಲ್ಲದ ಕೆಲಸದಲ್ಲಿ ಏಳಿಗೆಯೂ ಇಲ್ಲ, ಸುಖವೂ ಇಲ್ಲ ಎಂಬುದು ಆ ಉಪದೇಶ. ಇವೆರಡರ ನಡುವೆ ಸಿಕ್ಕಿದ ತರುಣನು, ಜಮಾಖರ್ಚಿನ ಪುಸ್ತಕವನ್ನು ಕಂಡರೆ ನನ್ನ ಹೃದಯವು ಕುಣಿಯುವುದಿಲ್ಲವಲ್ಲ, ನಾನು ಈ ವೃತ್ತಿಗೆ ಅನರ್ಹನೇನೋ ಎಂದು ಶಂಕಿಸುತ್ತಾನೆ.

ಈ ಶಂಕೆಯು ಅವನ ಮನೆಗೆ ಮಾತ್ರ ಸಂಬಂಧಪಟ್ಟುದೆಂದು ನಾವು ಭಾವಿಸುವುದಿಲ್ಲ. ಹಾಡುಗಾರನು ಬೇಸರದಿಂದ ಹಾಡಿದರೆ ಕಛೇರಿಯು ಕೆಡುವುದು, ಕೇಳುವವರು ಎದ್ದು ಹೋಗುವರು. ಅಲ್ಲಿಗೆ ನಷ್ಟವು ಮುಗಿಯಿತು. ಲೆಕ್ಕಿಗನು ತಪ್ಪಿದರೆ ನಷ್ಟವನ್ನು ಹೊರಬೇಕಾದವರು ಅವನ ಹೆಸರನ್ನೂ ಕೇಳದ ಜನರು: ಠೇವಣಿಯಿಟ್ಟ ವಿಧವೆ, ಷೇರು ಕೊಂಡ ಉಪಾಧ್ಯಾಯ, ಕಂದಾಯ ತೆತ್ತ ರೈತ. ಆದುದರಿಂದ ಈ ವೃತ್ತಿಗೆ ಎಂತಹ ಮನಸ್ಸುಳ್ಳವರು ಬರಬೇಕೆಂಬ ಪ್ರಶ್ನೆಯು ಸಾರ್ವಜನಿಕ ಪ್ರಶ್ನೆಯೇ ಸರಿ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಅಂಕಿಗಳ ಮೇಲಿನ ಮೋಹವು ಲೆಕ್ಕದ ವೃತ್ತಿಗೆ ಅವಶ್ಯವಲ್ಲ. ಸುಳ್ಳು ಲೆಕ್ಕವನ್ನು ಸಹಿಸಲಾರದ ಮನಸ್ಸು ಅತ್ಯವಶ್ಯ. ಮೊದಲನೆಯದಿಲ್ಲದೆ ಒಳ್ಳೆಯ ಲೆಕ್ಕಿಗರಾದವರು ಎಷ್ಟೋ ಮಂದಿ ಇದ್ದಾರೆ. ಎರಡನೆಯದಿಲ್ಲದವನು ಎಷ್ಟು ಜಾಣನಾದರೂ ಈ ವೃತ್ತಿಗೆ ಕಂಟಕನೇ.

ಕನ್ನಡನಾಡಿನಲ್ಲಿ ಲೆಕ್ಕ ಬರೆಯುವ ಕೆಲಸವು ಹೊಸದೇನೂ ಅಲ್ಲ. ಮೈಸೂರು ಸೀಮೆಯಲ್ಲಿ ಶಾನುಭೋಗನೂ, ಉತ್ತರದ ಜಿಲ್ಲೆಗಳಲ್ಲಿ ಕುಲಕರ್ಣಿಯೂ ಊರಿನ ಜಮೀನು, ಕಂದಾಯ, ಬಾಕಿಗಳ ಲೆಕ್ಕವನ್ನು ತಲೆತಲಾಂತರದಿಂದ ಇಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳೇ ಅವರ ಪುಸ್ತಕಗಳಾಗಿದ್ದುವು. ಕಛೇರಿಯ ಕಾಗದಗಳ ಕಟ್ಟಿಗೆ ಇಂದಿಗೂ ನಾವು ಕಡತವೆಂದೇ ಹೇಳುವುದು ಆ ಕಾಲದ ಗುರುತು. ಶಾನುಭೋಗನ ಮಗನಿಗೆ ಲೆಕ್ಕದಲ್ಲಿ ಒಲವುಂಟೋ ಎಂದು ಯಾರೂ ಕೇಳುತ್ತಿರಲಿಲ್ಲ. ತಂದೆಯ ತರುವಾಯ ಮಗನು ಬಳಪವನ್ನು ಹಿಡಿಯುತ್ತಿದ್ದನು. ಅವರಲ್ಲಿ ಊರಿನ ಒಂದು ಗುಂಟೆ ನೆಲವೂ ತಪ್ಪಿಹೋಗದಂತೆ ನೋಡಿಕೊಂಡ ಪ್ರಾಮಾಣಿಕರಿದ್ದರು; ಓದು ಬರಹ ತಿಳಿಯದ ರೈತನನ್ನು ಬಳಪದ ತುದಿಯಿಂದಲೇ ಹೆದರಿಸಿದವರೂ ಇದ್ದರು. ೧೯೬೧ರ ಶಾಸನವು ಈ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದುದು ನ್ಯಾಯವೇ ಆಯಿತು. ಒಂದೇ ವಿದ್ಯೆ, ಒಂದೇ ಬಗೆಯ ಕಡತ, ಒಂದೇ ಬಗೆಯ ಶಿಕ್ಷಣವಿದ್ದರೂ ಒಬ್ಬನು ಊರಿಗೆ ಆಸರೆಯಾದನು, ಇನ್ನೊಬ್ಬನು ಹೊರೆಯಾದನು. ಅವರಿಬ್ಬರನ್ನು ಬೇರ್ಪಡಿಸಿದುದು ಕುಲವೂ ಅಲ್ಲ, ಅಂಕಿಗಳ ಮೇಲಿನ ಪ್ರೀತಿಯೂ ಅಲ್ಲ.

ಹಿಂದಿನವರೂ ಇದನ್ನು ಅರಿತಿದ್ದರು. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆ ತಿಳಿಯಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕದ ಕಛೇರಿಗೆಂದೇ ಒಂದು ಅಧ್ಯಾಯವಿದೆ. ವರ್ಷದ ಲೆಕ್ಕವನ್ನು ಆಷಾಢದಲ್ಲಿ ಮುಗಿಸಿ ತಂದೊಪ್ಪಿಸಬೇಕೆಂಬ ನಿಯಮವು ಅಲ್ಲಿದೆ. ಅಧಿಕಾರಿಗಳು ಹಣವನ್ನು ಅಪಹರಿಸುವ ನಲವತ್ತು ಬಗೆಗಳ ಪಟ್ಟಿಯೂ ಮುಂದೆ ಬರುವುದು. ಲೆಕ್ಕಿಗನಿಗೆ ಕೆಲಸದಲ್ಲಿ ಎಷ್ಟು ಆನಂದವುಂಟೆಂದು ಕೌಟಿಲ್ಯನು ವಿಚಾರಿಸಲಿಲ್ಲ. ಅವನ ಕೈ ಎಲ್ಲೆಲ್ಲಿ ಜಾರಬಹುದೆಂಬುದನ್ನೇ ವಿಚಾರಿಸಿದನು. ಇನ್ನು ನಮ್ಮ ನಾಡಿನ ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿ ಸೇರಿ ಭಂಡಾರಿಗಳಾದರೆಂದು ಪರಂಪರೆಯು ಹೇಳುವುದು. ಭಂಡಾರದ ಲೆಕ್ಕವನ್ನು ನೋಡುವುದು ಅವರಿಗೆ ಧರ್ಮಜೀವನದ ಹೊರಗಿನ ಕೆಲಸವಾಗಿರಲಿಲ್ಲ. ಕಾಯಕವೆಂಬ ಮಾತಿಗೆ ಶರಣರು ಕೊಟ್ಟ ಅರ್ಥವನ್ನು ನೆನೆದರೆ, ಮನಸ್ಸಿಗೆ ಹಿತವಾದ ಕೆಲಸವನ್ನು ಹುಡುಕುವುದಕ್ಕಿಂತ ಕೈಗೆ ಬಂದ ಕೆಲಸವನ್ನು ಶುದ್ಧವಾಗಿ ಮಾಡುವುದನ್ನೇ ಅವರು ಹೆಚ್ಚೆಂದು ಎಣಿಸಿದ್ದು ಸ್ಪಷ್ಟವಾಗುವುದು.

ಒಲವಿನ ವಿಷಯದಲ್ಲಿ ಜನರು ಸಾಮಾನ್ಯವಾಗಿ ಮಾಡುವ ಮೊದಲನೆಯ ತಪ್ಪೆಂದರೆ, ಗಣಿತದ ಪ್ರೀತಿಯನ್ನೂ ಲೆಕ್ಕದ ಪ್ರೀತಿಯನ್ನೂ ಒಂದೇ ಎಂದು ತಿಳಿಯುವುದು. ಹುಡುಗನು ಗಣಿತದಲ್ಲಿ ಚುರುಕಾಗಿದ್ದಾನೆ, ಆದುದರಿಂದ ಒಳ್ಳೆಯ ಆಡಿಟರನಾಗುವನು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅಂಕಿಗಳನ್ನು ಶ್ರೀನಿವಾಸ ರಾಮಾನುಜನ್ ಅವರಷ್ಟು ಪ್ರೀತಿಸಿದವರು ಯಾರು? ಅವರು ೧೯೧೨ರ ಮಾರ್ಚ್ ತಿಂಗಳಿನಲ್ಲಿ ಮದರಾಸಿನ ಬಂದರು ಟ್ರಸ್ಟಿನ ಲೆಕ್ಕಪತ್ರಗಳ ಶಾಖೆಯಲ್ಲಿ ಮೂವತ್ತು ರೂಪಾಯಿಗಳ ಸಂಬಳಕ್ಕೆ ಗುಮಾಸ್ತರಾಗಿ ಸೇರಿದರು. ಅವರ ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್ ತಾವೂ ಗಣಿತಜ್ಞರಾಗಿದ್ದುದು ಅವರ ಪುಣ್ಯ. ಮರುವರ್ಷವೇ ವಿಶ್ವವಿದ್ಯಾನಿಲಯವು ತಿಂಗಳಿಗೆ ಎಪ್ಪತ್ತೈದು ರೂಪಾಯಿಗಳ ವಿದ್ಯಾರ್ಥಿವೇತನವನ್ನು ಕೊಟ್ಟು ಅವರನ್ನು ಆ ಮೇಜಿನಿಂದ ಬಿಡಿಸಿತು. ಬಿಡಿಸದೆ ಹೋಗಿದ್ದರೆ ಜಗತ್ತಿಗೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ಹೇಳಬೇಕಾದುದಿಲ್ಲ. ಸಂಖ್ಯೆಗಳ ಗುಣವನ್ನು ಶೋಧಿಸುವವನಿಗೆ ಸಂಖ್ಯೆಯೇ ಗುರಿ. ಲೆಕ್ಕಿಗನಿಗಾದರೋ ಸಂಖ್ಯೆಯು ಕೇವಲ ಗುರುತು; ಅದರ ಹಿಂದೆ ಉಗ್ರಾಣದಲ್ಲಿರುವ ಮೂಟೆಯೂ ಪೆಟ್ಟಿಗೆಯಲ್ಲಿರುವ ಹಣವೂ ಇದ್ದೇ ತೀರಬೇಕು.

ಎರಡನೆಯ ನಿದರ್ಶನವು ಇದಕ್ಕಿಂತಲೂ ಬೋಧಪ್ರದವಾದುದು. ಸಿ. ವಿ. ರಾಮನ್ ಅವರು ೧೯೦೭ರಲ್ಲಿ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ, ಹದಿನೆಂಟರ ವಯಸ್ಸಿನಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಹತ್ತು ವರ್ಷಗಳ ಕಾಲ ಅವರು ಸರ್ಕಾರದ ಲೆಕ್ಕಗಳನ್ನು ನೋಡಿದರು. ಕಛೇರಿಗೆ ಹೋಗುವ ಮುನ್ನವೂ ಕಛೇರಿ ಮುಗಿದ ಮೇಲೂ ವಿಜ್ಞಾನಸಂಘದ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದರು. ಅವರ ಹೃದಯವು ಎಲ್ಲಿತ್ತೆಂಬುದು ಲೋಕಕ್ಕೆ ತಿಳಿದ ವಿಷಯ. ೧೯೧೭ರಲ್ಲಿ ಕಡಮೆ ಸಂಬಳಕ್ಕೆ ಒಪ್ಪಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿಗೆ ಹೋದರು. ೧೯೩೦ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ೧೯೩೩ರಲ್ಲಿ ಬೆಂಗಳೂರಿಗೆ ಬಂದು ೧೯೭೦ರಲ್ಲಿ ತೀರಿಕೊಳ್ಳುವವರೆಗೂ ನಮ್ಮವರಾಗಿ ಬಾಳಿದರು. ಇದರಿಂದ ಎರಡು ಸಂಗತಿಗಳು ವಿಶದವಾಗುವುವು. ಮನಸ್ಸು ಬೇರೆಡೆಯಲ್ಲಿದ್ದರೂ ಕರ್ತವ್ಯನಿಷ್ಠೆಯುಳ್ಳವನು ಲೆಕ್ಕದ ಹುದ್ದೆಯ ಭಾರವನ್ನು ವರ್ಷಾನುಗಟ್ಟಲೆ ಹೊರಬಲ್ಲನೆಂಬುದು ಒಂದು. ಬೇರೆಡೆಯ ಒಲವು ಅಷ್ಟು ಪ್ರಬಲವಾಗಿರುವವನು ಕೊನೆಗೆ ಲೆಕ್ಕದಲ್ಲಿ ನಿಲ್ಲಲಾರನು, ನಿಲ್ಲಬೇಕಾದುದೂ ಇಲ್ಲ ಎಂಬುದು ಇನ್ನೊಂದು. ಆದರೆ ಇಂತಹ ಪ್ರಬಲವಾದ ಒಲವು ಸಾವಿರಕ್ಕೊಬ್ಬನಿಗೂ ದುರ್ಲಭ. ಮಿಕ್ಕವರು ಅದು ತಮಗಿಲ್ಲವಲ್ಲಾ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಒಲವೆಂಬುದು ಸಂಪೂರ್ಣವಾಗಿ ನಿರರ್ಥಕವೇ? ಹಾಗೆಂದು ನಾವು ಹೇಳುವುದಿಲ್ಲ. ಯಾವುದರ ಮೇಲಿನ ಒಲವು ಎಂಬುದೇ ಮುಖ್ಯ. ಮಹಾತ್ಮಾ ಗಾಂಧಿಯವರು ೧೮೯೪ರಲ್ಲಿ ನೇಟಾಲಿನಲ್ಲಿ ಭಾರತೀಯರ ಕಾಂಗ್ರೆಸ್ಸನ್ನು ಸ್ಥಾಪಿಸಿ ಅದರ ಕಾರ್ಯದರ್ಶಿಯಾದಾಗ, ಪ್ರತಿಯೊಂದು ಚಂದಾ ಹಣಕ್ಕೂ ರಶೀದಿ ಕೊಟ್ಟು, ಪ್ರತಿಯೊಂದು ಕಾಸಿನ ಖರ್ಚನ್ನೂ ಬರೆದಿಡುವ ನಿಯಮವನ್ನು ಹಾಕಿಕೊಂಡರು. ಶುದ್ಧವಾದ ಲೆಕ್ಕವಿಲ್ಲದೆ ಸತ್ಯವನ್ನು ಕಾಪಾಡಲಾಗದೆಂಬುದು ಅವರ ಆತ್ಮಕಥೆಯನ್ನು ಓದಿದವರೆಲ್ಲರಿಗೂ ತಿಳಿದ ಅವರ ನಿಶ್ಚಯ. ಖಾತೆಪುಸ್ತಕವು ಅವರಿಗೆ ಪ್ರಿಯವಾಗಿದ್ದುದು ಖಾತೆಪುಸ್ತಕವೆಂದಲ್ಲ. ಬಡ ಕೂಲಿಗಾರನು ಕೊಟ್ಟ ಹಣಕ್ಕೆ ಅದು ಸಾಕ್ಷಿಯೆಂದು.

ಈ ಮಾತಿಗೆ ಜೆ. ಸಿ. ಕುಮಾರಪ್ಪನವರ ಜೀವನಕ್ಕಿಂತ ಉತ್ತಮವಾದ ವ್ಯಾಖ್ಯಾನವಿಲ್ಲ. ೧೮೯೨ರಲ್ಲಿ ತಂಜಾವೂರಿನಲ್ಲಿ ಹುಟ್ಟಿದ ಇವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನು ಕಲಿತು ಮುಂಬಯಿಯಲ್ಲಿ ಒಳ್ಳೆಯ ವೃತ್ತಿಯನ್ನು ನಡೆಸುತ್ತಿದ್ದರು. ತರುವಾಯ ಅಮೆರಿಕಕ್ಕೆ ಹೋಗಿ ಸಾರ್ವಜನಿಕ ಹಣಕಾಸಿನ ಶಾಸ್ತ್ರವನ್ನು ಓದುವಾಗ, ಭಾರತದ ಬಡತನಕ್ಕೂ ಸರ್ಕಾರದ ಲೆಕ್ಕಪತ್ರಗಳಿಗೂ ಇರುವ ಸಂಬಂಧವು ಅವರಿಗೆ ಕಂಡಿತು. ೧೯೨೯ರಲ್ಲಿ ಗಾಂಧಿಯವರನ್ನು ಸೇರಿದರು. ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯ ಆದಾಯವೆಚ್ಚಗಳನ್ನು ಬರೆದುಕೊಳ್ಳಿಸಿದರು. ಕರಾಚಿ ಕಾಂಗ್ರೆಸ್ಸಿನ ವರ್ಷವಾದ ೧೯೩೧ರಲ್ಲಿ, ಬ್ರಿಟನ್ನಿಗೂ ಭಾರತಕ್ಕೂ ನಡುವಣ ಸಾಲದ ಲೆಕ್ಕವನ್ನು ಪರಿಶೀಲಿಸಲು ಕಾಂಗ್ರೆಸ್ಸು ನೇಮಿಸಿದ ಸಮಿತಿಯಲ್ಲಿ ಕೆಲಸಮಾಡಿದರು. ಒಂದು ಸಾಮ್ರಾಜ್ಯದ ಖಾತೆಯನ್ನೇ ಆ ಪ್ರಜೆಗಳು ಪರಿಶೋಧಿಸಿದಂತಾಯಿತು. ೧೯೩೪ರ ಬಿಹಾರದ ಭೂಕಂಪದ ತರುವಾಯ ಪರಿಹಾರನಿಧಿಯ ಲೆಕ್ಕದ ಹೊಣೆಯು ಅವರ ಮೇಲೆಯೇ ಬಿತ್ತು. ಮುಂಬಯಿಯ ವರ್ತಕರ ಅಢಾವೆ ಪತ್ರಿಕೆಗಳನ್ನು ನೋಡುತ್ತಿದ್ದ ವಿದ್ಯೆಯೇ ಇಲ್ಲೆಲ್ಲ ಉಪಯೋಗಕ್ಕೆ ಬಂದುದು. ವಿದ್ಯೆಯು ಬದಲಾಗಲಿಲ್ಲ, ಅದು ಯಾರ ಸಲುವಾಗಿ ಎಂಬುದು ಬದಲಾಯಿತು. ಅವರಿಗಿಂತ ಮೊದಲು ದಾದಾಭಾಯಿ ನವರೋಜಿಯವರು ೧೯೦೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ಸಂಪತ್ತು ಹೊರಗೆ ಹರಿದುಹೋಗುವುದನ್ನು ಅಂಕಿಗಳಿಂದಲೇ ತೋರಿಸಿದ್ದರು. ನಮ್ಮ ಸ್ವಾತಂತ್ರ್ಯದ ಹೋರಾಟಕ್ಕೆ ಲೆಕ್ಕದ ಪುಸ್ತಕವೂ ಒಂದು ಆಯುಧವಾಗಿತ್ತೆಂಬುದನ್ನು ಈ ವೃತ್ತಿಯನ್ನು ನೀರಸವೆಂದು ಹಳಿಯುವವರು ಮರೆಯಬಾರದು.

ಈ ಬಗೆಯ ನಿಷ್ಠೆಯಿಲ್ಲದ ಕಡೆ ಜಾಣತನವು ಎಲ್ಲಿಗೆ ಮುಟ್ಟುವುದೆಂಬುದನ್ನೂ ನಮ್ಮ ಕಾಲವೇ ತೋರಿಸಿಕೊಟ್ಟಿದೆ. ೨೦೦೯ರ ಜನವರಿ ೭ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರು ಬರೆದ ಪತ್ರದಿಂದ ಒಂದು ಸಂಗತಿಯು ಹೊರಬಿದ್ದಿತು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನ ಶಿಲ್ಕೆಂದು ತೋರಿಸಿದ್ದ ೫,೩೬೧ ಕೋಟಿ ರೂಪಾಯಿಗಳಲ್ಲಿ ೫,೦೪೦ ಕೋಟಿ ಇರಲೇ ಇಲ್ಲ. ಬ್ಯಾಂಕಿಗೆ ತಾನೇ ಪತ್ರ ಬರೆದು ಶಿಲ್ಕನ್ನು ಖಚಿತಪಡಿಸಿಕೊಳ್ಳುವುದು ಪರಿಶೋಧಕನು ಕಲಿಯುವ ಮೊದಲನೆಯ ಪಾಠ. ಆದರೂ ಆ ಲೆಕ್ಕಗಳ ಕೆಳಗೆ ವರ್ಷವರ್ಷವೂ ಪರಿಶೋಧಕರ ರುಜು ಬಿದ್ದಿತ್ತು. ಅಲ್ಲಿ ವಿದ್ಯೆಗೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಒಂದು ಕಾಗದವನ್ನು ನಂಬದೆ ಎದ್ದು ಹೋಗಿ ವಿಚಾರಿಸುವ ಛಲಕ್ಕೆ ಕೊರತೆಯಿತ್ತು. ಇಷ್ಟು ದೂರ ಹೋಗಬೇಕಾದುದೂ ಇಲ್ಲ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಜರ್ವ್ ಬ್ಯಾಂಕು ನಿರ್ಬಂಧವನ್ನು ವಿಧಿಸಿ, ಒಬ್ಬೊಬ್ಬ ಠೇವಣಿದಾರನೂ ಮೂವತ್ತೈದು ಸಾವಿರಕ್ಕಿಂತ ಹೆಚ್ಚು ತೆಗೆಯಕೂಡದೆಂದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟು ಬಡ್ಡಿಯಿಂದ ಜೀವಿಸುತ್ತಿದ್ದ ವೃದ್ಧರು ಬಾಗಿಲಲ್ಲಿ ನಿಂತ ದೃಶ್ಯವನ್ನು ವಾಚಕರು ಮರೆತಿರಲಾರರು. ಭಾರತದ ಮೊದಲನೆಯ ಕೃಷಿ ಸಹಕಾರ ಸಂಘವು ೧೯೦೫ರಲ್ಲಿ ಹುಟ್ಟಿದುದು ನಮ್ಮ ಗದಗಿನ ಕಣಗಿನಹಾಳದಲ್ಲಿ. ೧೯೨೮ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಗಳಂತೆ ಮನೆಬಾಗಿಲಲ್ಲಿ ಶೇಖರಿಸುವ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿದರು. ಮೀನು ಮಾರುವವಳ ಎರಡಾಣೆಯೂ ಸಂಜೆಯೊಳಗೆ ಅವಳ ಹೆಸರಿನಲ್ಲಿಯೇ ಜಮಾ ಆಗುವುದೆಂಬ ನಂಬಿಕೆಯ ಮೇಲೆ ಅಂತಹ ಸಂಸ್ಥೆಗಳು ಬೆಳೆದುವು. ಆ ನಂಬಿಕೆಯನ್ನು ಕಾದವರು ಹೆಸರಿಲ್ಲದ ಗುಮಾಸ್ತರು.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಮನೆಯಲ್ಲಿ ಸಂಪಾದನೆಗೆ ದಾರಿಯಿಲ್ಲದ ತರುಣನು ಹೊಟ್ಟೆಪಾಡಿಗಾಗಿ ಈ ಕೆಲಸವನ್ನು ಹಿಡಿಯುತ್ತಾನೆ. ತಿಂಗಳು ತಿಂಗಳೂ ಅಂಗಡಿಯವರ ಜಿ.ಎಸ್.ಟಿ. ವಿವರಗಳನ್ನು ತುಂಬಿ ಕಳುಹಿಸುವವನಿಗೆ ಗಾಂಧಿ ಕುಮಾರಪ್ಪರ ಆದರ್ಶವನ್ನು ಹೇಳುವುದು ಹಾಸ್ಯಾಸ್ಪದವಲ್ಲವೇ ಎಂದು ಕೇಳಬಹುದು. ಹೊಟ್ಟೆಪಾಡಿಗಾಗಿ ದುಡಿಯುವುದು ಅವಮಾನದ ವಿಷಯವಲ್ಲ. ಬಹುಮಂದಿ ಬಾಳುವುದು ಹಾಗೆಯೇ. ನಾವು ಅವನಿಂದ ಉತ್ಸಾಹದ ಉದ್ಗಾರಗಳನ್ನು ಬೇಡುವುದಿಲ್ಲ. ಬೇಸರವು ಬೇರೆ, ತಾತ್ಸಾರವು ಬೇರೆ. ಬೇಸರವು ಎಲ್ಲ ವೃತ್ತಿಗಳಲ್ಲಿಯೂ ಉಂಟು. ವೈದ್ಯನಿಗೂ ಉಂಟು, ಅರ್ಚಕನಿಗೂ ಉಂಟು. ತಾತ್ಸಾರವೆಂದರೆ, ಈ ಅಂಕಿಯು ಹೇಗಿದ್ದರೇನು, ಯಾರು ನೋಡುತ್ತಾರೆ ಎಂಬ ಭಾವನೆ. ಬೇಸರದಿಂದ ಕೆಲಸವು ನಿಧಾನವಾಗುವುದು. ತಾತ್ಸಾರದಿಂದ ಕೆಲಸವು ಸುಳ್ಳಾಗುವುದು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಮೇಲಾಗಿ, ಒಲವೆಂಬುದು ಮೊದಲೇ ಇರಬೇಕಾದ ವಸ್ತುವಲ್ಲ; ಕೆಲಸವು ಕೈಗೆ ಹತ್ತಿದಂತೆ ಹುಟ್ಟುವುದೂ ಉಂಟು. ಜಮಾ ಖರ್ಚುಗಳ ಮೊತ್ತಗಳು ಸರಿಹೊಂದದೆ ಹದಿನೆಂಟು ರೂಪಾಯಿಗಳ ವ್ಯತ್ಯಾಸವು ಉಳಿದಿದೆಯೆನ್ನಿರಿ. ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಸ್ಥಾನಪಲ್ಲಟವಾಗಿರಬಹುದು, ೬೪ಕ್ಕೆ ೪೬ ಎಂದು ಬಿದ್ದಿರಬಹುದು ಎಂದು ಹಳೆಯ ಗುಮಾಸ್ತನು ಹೊಸಬನಿಗೆ ಹೇಳಿಕೊಡುತ್ತಾನೆ. ಹೊಸಬನು ಓಚರುಗಳನ್ನು ಒಂದೊಂದಾಗಿ ತಿರುವಿ ಆ ತಪ್ಪನ್ನು ಹಿಡಿದಾಗ ಅವನ ಮುಖದಲ್ಲಿ ಕಾಣುವ ತೃಪ್ತಿಯು ಕಡಮೆಯದಲ್ಲ. ಅಂಕಿಗಳ ಹಿಂದಿರುವ ವ್ಯಾಪಾರವು ಕ್ರಮೇಣ ಅವನ ಕಣ್ಣಿಗೆ ಕಾಣತೊಡಗುವುದು: ಈ ಅಂಗಡಿಯಲ್ಲಿ ಉದರಿಯು ಏಕೆ ಬೆಳೆಯುತ್ತಿದೆ, ಆ ಗಿರಣಿಗೆ ಲಾಭವಿದ್ದೂ ಕೈಯಲ್ಲಿ ನಗದೇಕಿಲ್ಲ ಎಂಬ ಪ್ರಶ್ನೆಗಳು ಏಳುವುವು. ಈ ಕುತೂಹಲವೇ ವೃತ್ತಿಯಲ್ಲಿ ಮೇಲೇರಿಸುವ ಗುಣ. ಕೂಡಿಸಿ ಕಳೆಯುವ ಕೆಲಸವನ್ನು ಇಂದು ಯಂತ್ರವು ವಹಿಸಿಕೊಂಡಿದೆ. ದೇಶದ ಅಂಗಡಿ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಟ್ಯಾಲಿ ಎಂಬ ತಂತ್ರಾಂಶವು ನಮ್ಮ ಬೆಂಗಳೂರಿನ ಸಂಸ್ಥೆಯದೇ. ಯಂತ್ರವು ಮೊತ್ತವನ್ನು ತಪ್ಪುವುದಿಲ್ಲ. ಆದರೆ ಇಲ್ಲದ ಸರಕನ್ನು ಇದೆಯೆಂದು ಬರೆದುಕೊಟ್ಟರೆ ಅದನ್ನೂ ತಪ್ಪಿಲ್ಲದೆ ಕೂಡಿಸುವುದು. ಆದಕಾರಣ ಚುರುಕಾದ ಕೂಡುವಿಕೆಗೆ ಹಿಂದೆ ಇದ್ದ ಬೆಲೆಯು ಕಡಮೆಯಾಗಿ, ಉಗ್ರಾಣಕ್ಕೆ ಹೋಗಿ ಮೂಟೆಗಳನ್ನು ಎಣಿಸುವ ಶ್ರದ್ಧೆಗೆ ಬೆಲೆಯು ಹೆಚ್ಚಿದೆ.

ಆದುದರಿಂದ ತರುಣರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಯಾರೂ ಕೇಳದಿದ್ದರೂ ಆ ಹದಿನೆಂಟು ರೂಪಾಯಿಗಳನ್ನು ನಾನು ಹುಡುಕುವೆನೇ? ಅಂಕಿಯ ಹಿಂದಿರುವ ವಸ್ತುವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯು ನನಗುಂಟೇ? ಸಂಬಳ ಕೊಡುವ ಧಣಿಯೇ ಎದುರಿಗೆ ಕುಳಿತು, ಈ ಒಂದು ಸಲ ರುಜು ಹಾಕಿಬಿಡು ಎಂದರೆ, ಆಗದು ಎಂದು ಮರ್ಯಾದೆಯಿಂದ ಹೇಳಬಲ್ಲೆನೇ? ಈ ಮೂರಕ್ಕೂ ಹೌದೆನ್ನುವವನು ಒಲವಿನ ಚಿಂತೆಯನ್ನು ಬಿಟ್ಟು ಧೈರ್ಯವಾಗಿ ಈ ವೃತ್ತಿಗೆ ಬರಲಿ. ಮೂರು ಹಂತದ ಪರೀಕ್ಷೆಗಳೂ, ಹಿರಿಯ ಪರಿಶೋಧಕರ ಕೈಕೆಳಗೆ ಈಗ ಎರಡು ವರ್ಷಗಳಿಗೆ ಇಳಿದಿರುವ ಅಭ್ಯಾಸವೂ ಮಿಕ್ಕುದನ್ನು ಕಲಿಸುವುವು. ಇಲ್ಲವೆನ್ನುವವನಿಗೆ ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನವೇ ಬಂದರೂ ಬೇರೆ ದಾರಿಯನ್ನು ನೋಡಿಕೊಳ್ಳುವುದು ಅವನಿಗೂ ದೇಶಕ್ಕೂ ಕ್ಷೇಮ.

ತಂದೆತಾಯಿಗಳಿಗೆ ನಮ್ಮ ವಿಜ್ಞಾಪನೆಯಿಷ್ಟೆ. ನೆರೆಮನೆಯವರ ಮಗನು ಸೇರಿದನೆಂದು ನಿಮ್ಮ ಮಗನನ್ನು ನೂಕಬೇಡಿರಿ. ಅವನಿಗೆ ಬೇರೊಂದರಲ್ಲಿ ರಾಮನ್ನರಂತಹ ಪ್ರಬಲವಾದ ಆಕರ್ಷಣೆಯಿದ್ದರೆ ಅಡ್ಡಬರಬೇಡಿರಿ. ಅದಿಲ್ಲದಿದ್ದರೆ, ಒಲವಿಲ್ಲವೆಂಬ ಒಂದೇ ಕಾರಣದಿಂದ ಅವನು ಸುಮ್ಮನೆ ಕುಳಿತಿರುವುದಕ್ಕೂ ಬಿಡಬೇಡಿರಿ. ಒಂದು ಬೇಸಗೆಯಲ್ಲಿ ಪರಿಚಿತರಾದ ಪರಿಶೋಧಕರ ಕಛೇರಿಗೋ ಅಂಗಡಿಗೋ ಕಳುಹಿಸಿ ಪುಸ್ತಕಗಳನ್ನು ಮುಟ್ಟಿನೋಡುವಂತೆ ಮಾಡಿರಿ.

ಧಣಿಗಳಿಗೂ ಸರ್ಕಾರಕ್ಕೂ ಹೇಳತಕ್ಕ ಮಾತು ಇದಕ್ಕಿಂತ ಕಟುವಾದುದು. ಸತ್ಯವನ್ನು ಹೇಳುವ ಲೆಕ್ಕಿಗನನ್ನು ವರ್ಗಮಾಡಿಸುವುದು, ಪ್ರಶ್ನೆ ಕೇಳಿದ ಪರಿಶೋಧಕನನ್ನು ಮರುವರ್ಷ ಕೈಬಿಡುವುದು ನಡೆಯುತ್ತಿರುವವರೆಗೂ ಒಳ್ಳೆಯ ಮನಸ್ಸುಳ್ಳವರು ಈ ವೃತ್ತಿಗೆ ಬರಲಿ ಎಂದು ಹಾರೈಸುವುದು ವ್ಯರ್ಥ. ೨೦೧೩ರ ಕಂಪೆನಿ ಶಾಸನದ ಪ್ರಕಾರ ೨೦೧೮ರಲ್ಲಿ ಪರಿಶೋಧಕರ ಮೇಲ್ವಿಚಾರಣೆಗೆಂದು ರಾಷ್ಟ್ರೀಯ ಪ್ರಾಧಿಕಾರವೊಂದು ಏರ್ಪಟ್ಟಿರುವುದು ಸರಿಯೇ. ಆದರೆ ತಪ್ಪಿದವನನ್ನು ದಂಡಿಸುವ ಏರ್ಪಾಡಿನೊಂದಿಗೆ, ತಪ್ಪದೆ ನಿಂತವನನ್ನು ರಕ್ಷಿಸುವ ಏರ್ಪಾಡೂ ಅಷ್ಟೇ ಬಲವಾಗಿರಬೇಕು.

ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ೧೯೪೯ರ ಜುಲೈ ೧ರಂದು, ಸ್ವಾತಂತ್ರ್ಯವು ಬಂದು ಎರಡು ವರ್ಷಗಳಾಗುವುದರೊಳಗೆ, ನಮ್ಮ ಶಾಸನಸಭೆಯ ಕಾಯಿದೆಯಿಂದ ಸ್ಥಾಪಿತವಾಯಿತು. ಶ್ರೀ ಅರವಿಂದರು ಸೂಚಿಸಿದ ಕಠೋಪನಿಷತ್ತಿನ ವಾಕ್ಯವೊಂದನ್ನು ಅದು ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿದೆ. ಮಿಕ್ಕವರು ನಿದ್ರಿಸುತ್ತಿರುವಾಗ ಎಚ್ಚರವಾಗಿರುವವನನ್ನು ಅದು ಹೇಳುವುದು. ರಾತ್ರಿಯ ಕಾವಲುಗಾರನಿಗೆ ಕತ್ತಲೆಯ ಮೇಲೆ ಮೋಹವಿರಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಅವನು ತೂಕಡಿಸಬಾರದು, ಅಷ್ಟೆ. ಲೆಕ್ಕದ ವೃತ್ತಿಗೆ ಬರಲೆಳಸುವ ನಮ್ಮ ತರುಣ ತರುಣಿಯರಿಂದ ದೇಶವು ಬೇಡುವುದೂ ಅಷ್ಟನ್ನೇ.